ಎಕ್ಸ್‌ರೇ ರೂಮಿನ ನಾಲ್ಕೂ ಗೋಡೆಗೆ ಸೀಸ ಹೊಡೆಸಬೇಕಾ?

ಲ್ಯಾಬ್ ಅಣ್ಣ: ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಬಾಡಿಗೆ ಕಟ್ಟಡದ ಕೆಳಮಹಡಿಯಲ್ಲಿ ಎಕ್ಸ್‌ರೇ ಸೆಂಟರ್ ಹಾಕುತ್ತಿದ್ದಾನೆ. ಎಡಗಡೆ ಟೈಲರ್ ಅಂಗಡಿ, ನಡುವೆ ಬರೀ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ. ಮೇಲೆ ಓನರ್ ಮನೆ, ಹಿಂದೆ ಖಾಲಿ ಹಿತ್ತಿಲು. ಹಿಂದಿನ ಗೋಡೆ 9 ಇಂಚು. ಕಂಟ್ರಾಕ್ಟರು ನಾಲ್ಕೂ ಗೋಡೆಗೆ ಸೀಸದ ಶೀಟ್ ಬೇಕೇ ಬೇಕು ಎನ್ನುತ್ತಾರೆ, ರೇಟ್ ಕೇಳಿ ತಲೆ ತಿರುಗಿತು. ನಿಜವಾಗಿಯೂ ಬೇಕಾ?

ಫಿಸಿಕ್ಸ್ ಮೇಡಂ: ಬೇಡ. ಮೊದಲು ಕಿರಣ ಯಾವ ಕಡೆ ಹೋಗುತ್ತೆ, ಆ ಕಡೆ ಯಾರು ಎಷ್ಟು ಹೊತ್ತು ಕೂತಿರುತ್ತಾರೆ, ಇದನ್ನು ನೋಡಿ. ಟೇಬಲ್ ಮೇಲೆ ಮಲಗಿಸಿ ತೆಗೆಯುವಾಗ ಕಿರಣ ಕೆಳಕ್ಕೆ, ಮಣ್ಣಿಗೆ ಹೋಗುತ್ತೆ. ಗೋಡೆಗೆ ನೇರವಾಗಿ ಬೀಳುವುದು ಎದೆಯ ಎಕ್ಸ್‌ರೇ ತೆಗೆಯುವ ಸ್ಟ್ಯಾಂಡಿನ ಹಿಂದೆ, ಅದೂ ಜೋರಾದ ಕಿರಣ. ಅಲ್ಲಿಗೆ ಎಇಆರ್‌ಬಿ (ವಿಕಿರಣ ಸುರಕ್ಷತೆ ನೋಡುವ ಕೇಂದ್ರ ಸರ್ಕಾರದ ಮಂಡಳಿ) ಕೇಳುವುದು 9 ಇಂಚು ಇಟ್ಟಿಗೆ, ಇಲ್ಲವೇ 6 ಇಂಚು ಕಾಂಕ್ರೀಟ್, ಇಲ್ಲವೇ 2 ಮಿ.ಮೀ. ಸೀಸ. ಮೂರರಲ್ಲಿ ಒಂದು ಸಾಕು, ಮೂರೂ ಅಲ್ಲ. ಹಾಗಾಗಿ ಸ್ಟ್ಯಾಂಡನ್ನು ಹಿತ್ತಿಲ ಗೋಡೆಗೆ ಇಡಿ. ಟೈಲರ್ ದಿನವಿಡೀ ಅಲ್ಲೇ ಕೂತಿರುತ್ತಾರೆ, ಜನ ಎಷ್ಟು ಹೊತ್ತು ಇರುತ್ತಾರೆ ಅನ್ನುವ ಲೆಕ್ಕದಲ್ಲಿ ಅವರ ಜಾಗಕ್ಕೆ ಪೂರ್ತಿ 1. ಜನ ಸುಮ್ನೆ ದಾಟಿ ಹೋಗುವ ಕಾರಿಡಾರಿಗೆ ಅದರ ಐದನೇ ಒಂದು ಭಾಗ ಹಿಡಿಯುತ್ತಾರೆ. ಸಾರ್ವಜನಿಕರಿಗೆ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಆ ಟೈಲರಿಗೂ ಅಷ್ಟೇ. ಅವರ ಕಡೆ ಒಳಗಿನಿಂದ ಇನ್ನೊಂದು ನಾಲ್ಕೂವರೆ ಇಂಚಿನ ಗೋಡೆ ಅಂಟಿಸಿ ಕಟ್ಟಿಸಿ, ಸಂದಿಗೆ ಗಾರೆ ಪೂರ್ತಿ ತುಂಬಿಸಿ. ಹಾಲೋ ಬ್ಲಾಕ್ ಮಾತ್ರ ಬೇಡ, 8 ಇಂಚು ಅಂತ ಕಂಡರೂ ಒಳಗೆ ಗಾಳಿಯೇ ಜಾಸ್ತಿ.

ಮರಗೆಲಸದವ: ಮೇಡಂ ಹೇಳಿದ್ದು ಸರಿ, ಆದರೆ ಬಾಗಿಲಿಗೆ ಸೀಸ ಬೇಕು. 4×7 ಅಡಿ ಕದಕ್ಕೆ 2 ಮಿ.ಮೀ. ಶೀಟ್ ಅಂದರೆ ಸೀಸವೇ ಹತ್ತಿರ ಹತ್ತಿರ 60 ಕೆ.ಜಿ., ಮಾಮೂಲಿ ಹಿಂಜ್ ಹಾಕಿದರೆ ಕೆಲವೇ ತಿಂಗಳಲ್ಲಿ ಕದ ಜೋತು ಬಿದ್ದು ನೆಲ ಕೆರೆಯುತ್ತೆ, ಆಮೇಲೆ ಮೇಲ್ಗಡೆ ಸಂದಿ ಬಿಡುತ್ತೆ. ಶೀಟನ್ನು ಎರಡು ಪ್ಲೈವುಡ್ ನಡುವೆ ಒತ್ತಿ ಅಂಟಿಸಬೇಕು, ಬರೀ ಮೊಳೆಯಲ್ಲಿ ನೇತು ಹಾಕಿದರೆ ಸೀಸ ತನ್ನ ಭಾರಕ್ಕೇ ಜಗ್ಗುತ್ತೆ. ಚೌಕಟ್ಟಿನ ಒಳಗೂ ಸೀಸ ಬರಬೇಕು, ಕದದ ಶೀಟ್ ಅದರ ಮೇಲೆ ಸ್ವಲ್ಪ ಹಾಯಬೇಕು. ಇದನ್ನೇ ತುಂಬಾ ಜನ ಬಿಡುವುದು.

ಲ್ಯಾಬ್ ಅಣ್ಣ: ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಅಣ್ಣ. ಮೇಲಿನ ಮನೆ? ಓನರ್ ಹೆಂಡತಿ ಈಗಲೇ ಹೆದರಿದ್ದಾರೆ, ರಾತ್ರಿ ಕೂಡ ಕಿರಣ ಬರುತ್ತಾ ಅಂತ ಕೇಳುತ್ತಾರೆ.

ಫಿಸಿಕ್ಸ್ ಮೇಡಂ: ಬಟನ್ ಒತ್ತಿದ ಆ ಕ್ಷಣ ಬಿಟ್ಟರೆ ಏನೂ ಇರುವುದಿಲ್ಲ, ಗೋಡೆಯಲ್ಲೂ ಉಳಿಯುವುದಿಲ್ಲ ಅಂತ ಹೇಳಿ. ಮೇಲಕ್ಕೆ ಹೋಗುವುದು ರೋಗಿಯ ಮೈಯಿಂದ ಚದುರಿದ ಕಿರಣ, ಅದು ಬಹಳ ಕಡಿಮೆ. 5 ಇಂಚಿನ ಆರ್‌ಸಿಸಿ ಸ್ಲ್ಯಾಬ್ ಇದ್ದರೆ ಸಾಕು. ಕಿಟಕಿ, ವೆಂಟಿಲೇಟರ್ ಹೊರಗಿನ ನೆಲದಿಂದ 2 ಮೀಟರ್ ಮೇಲಿರಲಿ. ಟೈಲರ್ ಕಡೆ ಗೋಡೆ ಕೊರೆದು ಸ್ವಿಚ್ ಬಾಕ್ಸ್ ಹುದುಗಿಸಬೇಡಿ, ವೈರಿಂಗ್ ಗೋಡೆಯ ಮೇಲ್ಮೈಯಲ್ಲೇ ಹೋಗಲಿ. ಮೆಷಿನ್ ಕೂರಿಸಿದ ಮೇಲೆ ವಿಕಿರಣ ಅಳೆಯುವ ಸರ್ವೇ ಮೀಟರ್ ಹಿಡಿದು ಬಾಗಿಲ ಸಂದಿ, ಟೈಲರ್ ಕುರ್ಚಿ, ಮೇಲಿನ ಹಾಲ್ ಎಲ್ಲಾ ಅಳೆಸಿ. ಎಇಆರ್‌ಬಿಯ ಆನ್‌ಲೈನ್ ಪೋರ್ಟಲ್ ಇ-ಲೋರಾದಲ್ಲಿ ಲೈಸೆನ್ಸಿಗೆ ಹಾಕುವಾಗ ಆ ರಿಪೋರ್ಟ್ ಹೇಗೂ ಬೇಕು.

ಮರಗೆಲಸದವ: ಕಂಟ್ರಾಕ್ಟರ್ ಶೀಟ್ ತಂದರೆ ಅಂಚಲ್ಲಿ ನೀವೇ ದಪ್ಪ ಅಳೆದು ನೋಡಿ ಅಣ್ಣ. 2 ಅಂತ ಬಿಲ್ ಹಾಕಿ ಒಂದೂವರೆ ಕೊಡುವವರೂ ಇದ್ದಾರೆ. ಪ್ಲೈವುಡ್ ಮುಚ್ಚಿದ ಮೇಲೆ ಯಾರಿಗೆ ಗೊತ್ತಾಗುತ್ತೆ?