ಕೊರಿಯಾದ ಈ ಬಣ್ಣವಿಲ್ಲದ ಚಿತ್ರಗಳನ್ನು ಹೇಗೆ ನೋಡಬೇಕು?

ಬಸವನಗುಡಿ_ಓದುಗಿ
ಗೆಳತಿಯ ಮನೆಯಲ್ಲಿ ಕೊರಿಯಾದ ಕಲೆ ಬಗ್ಗೆ ಒಂದು ದಪ್ಪ ಪುಸ್ತಕ ಸಿಕ್ಕಿತು. 1970ರ ದಶಕಕ್ಕೆ ಬಂದರೆ ಪುಟ ಪುಟವೂ ಬರೀ ಬಿಳಿ, ಬೂದು, ಕಂದು. ಪಾರ್ಕ್ ಸಿಯೋ-ಬೋ ಒದ್ದೆ ಬಣ್ಣದ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಲೇ ಹೋಗಿದ್ದಾರೆ, ಅಷ್ಟೇ. ಇದಕ್ಕೆ ದಾನ್‌ಸೆಕ್‌ಹ್ವಾ, ಅಂದರೆ ಒಂದೇ ಬಣ್ಣದ ಚಿತ್ರ ಅಂತ ಹೆಸರು. ಅದೇ ಹೊತ್ತಿಗೆ ದಕ್ಷಿಣ ಕೊರಿಯಾದಲ್ಲಿ ಅಧ್ಯಕ್ಷ ಪಾರ್ಕ್ ಚುಂಗ್-ಹೀ ಆಡಳಿತ, 1972ರಲ್ಲಿ ಸಂವಿಧಾನವನ್ನೇ ಬದಲಿಸಿ ಎಲ್ಲ ಅಧಿಕಾರ ಕೈಗೆ ತೆಗೆದುಕೊಂಡಿದ್ದರು. ಜನ ಜೈಲಿಗೆ ಹೋಗುತ್ತಿರುವಾಗ ಇವರು ಸುಮ್ನೆ ಗೆರೆ ಎಳೆಯುತ್ತಾ ಕೂತಿದ್ದರಾ? ನನಗಂತೂ ಬೇಜಾರಾಯ್ತು. ತಿಳಿದವರು ಹೇಳಿ.

ಉಳಿ_ಮತ್ತು_ಮಸಿ
ನಿಮ್ಮ ಬೇಜಾರು ಅಲ್ಲಿನ ಹುಡುಗರಿಗೂ ಇತ್ತು. ಅದರಿಂದಲೇ ಮಿನ್‌ಜುಂಗ್ ಕಲೆ ಹುಟ್ಟಿದ್ದು, ಜನರ ಕಲೆ ಅಂತ. 1980ರ ಮೇ ತಿಂಗಳಲ್ಲಿ ಗ್ವಾಂಗ್ಜು ನಗರದಲ್ಲಿ ಸೈನ್ಯ ಜನರ ಮೇಲೆ ಗುಂಡು ಹಾರಿಸಿತು. ಆಗ ಅಲ್ಲೇ ಇದ್ದ ಕಲಾವಿದ ಹಾಂಗ್ ಸುಂಗ್-ದಾಮ್ ಆಮೇಲೆ ಅದನ್ನೆಲ್ಲ ವುಡ್‌ಕಟ್‌ನಲ್ಲಿ, ಅಂದರೆ ಮರದ ಅಚ್ಚಿನಲ್ಲಿ ಕೆತ್ತಿದರು. ಯಾಕೆ ವುಡ್‌ಕಟ್ ಅಂದರೆ, ನಾನೂ ಚಿತ್ರಕಲಾ ಪರಿಷತ್ತಿನಲ್ಲಿ ಅದನ್ನೇ ಕಲಿತವನು, ಒಂದು ಹಲಗೆ, ಒಂದು ಉಳಿ, ಸ್ವಲ್ಪ ಮಸಿ ಇದ್ದರೆ ಸಾಕು, ಪ್ರೆಸ್ ಇಲ್ಲದಿದ್ದರೆ ಚಮಚದ ಹಿಂಭಾಗದಿಂದ ಉಜ್ಜಿಯೂ ಪ್ರಿಂಟ್ ತೆಗೆಯಬಹುದು. ಗ್ಯಾಲರಿ ಬೇಡ, ಕೈಯಿಂದ ಕೈಗೆ ಹೋಗುತ್ತೆ. ನನ್ನ ಮಟ್ಟಿಗೆ ಆ ಕಾಲದ ನಿಜವಾದ ಕೊರಿಯನ್ ಕಲೆ ಇದೇ.

ಮಲ್ಲೇಶ್ವರಂ_ಮೇಷ್ಟ್ರು
ಉಳಿಯವರು ಹೇಳಿದ್ದು ಸರಿ. ಆದರೆ ಬಿಳಿ-ಕಂದು ಚಿತ್ರದವರನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಡಿ. ಹಾ ಚೊಂಗ್-ಹ್ಯುನ್ ಚಿತ್ರ ಬಿಡಿಸಿದ್ದು ಗೋಣಿತಾಟಿನ ಮೇಲೆ, ನಮ್ಮ ಯಶವಂತಪುರದ ಮಂಡಿಯಲ್ಲಿ ಮೂಟೆ ಮೂಟೆ ಕಾಣುತ್ತಲ್ಲ, ಅಂಥದ್ದು. ಬಣ್ಣವನ್ನು ಹಿಂದಿನಿಂದ ಒತ್ತುತ್ತಿದ್ದರು, ಅದು ಎಳೆಗಳ ಸಂದಿಯಿಂದ ಮುಂದೆ ಉಬ್ಬಿ ಬರುತ್ತಿತ್ತು. ಕೊರಿಯಾ ಯುದ್ಧ ಮುಗಿದು ಬಡತನ ತುಂಬಿದ್ದ ದೇಶದಲ್ಲಿ ಬೆಳೆದವರಿಗೆ ಗೋಣಿಚೀಲ ಬರೀ ಬಟ್ಟೆಯಲ್ಲ.

ಇನ್ನು ಯುನ್ ಹ್ಯೊಂಗ್-ಕ್ಯುನ್. ಶಾಲೆಯಲ್ಲಿ ಮೇಷ್ಟ್ರು. ಪ್ರಭಾವಿಗಳ ಕಡೆಯ ಹುಡುಗಿಗೆ ಅಡ್ಡದಾರಿಯಲ್ಲಿ ಸೀಟು ಕೊಟ್ಟಿದ್ದನ್ನು ಪ್ರಶ್ನಿಸಿದ್ದಕ್ಕೆ 1973ರಲ್ಲಿ ಜೈಲು ಸೇರಿದರು. ಹೊರಗೆ ಬಂದವರು ಮೊದಲಿನ ಗಾಢ ಬಣ್ಣಗಳನ್ನೆಲ್ಲ ಬಿಟ್ಟರು. ನೀಲಿ ಮತ್ತು ಮಣ್ಣಿನ ಕಂದು, ಎರಡೇ. ಒಂದರ ಮೇಲೊಂದು ಬಳಿದು ಬಳಿದು ಕಪ್ಪಾಗುವ ತನಕ. ಅದನ್ನು ತಪ್ಪಿಸಿಕೊಳ್ಳೋದು ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. ಆ ಪುಸ್ತಕದಲ್ಲಿ ಅವರ 1980ರ ಚಿತ್ರ ಇದೆಯಾ, ಒಮ್ಮೆ ಹುಡುಕಿ.

ಉಳಿ_ಮತ್ತು_ಮಸಿ
ಮೇಷ್ಟ್ರೇ, ಯುನ್ ಬಗ್ಗೆ ಒಪ್ಪಿದೆ. ಆದರೆ ಗುಂಡೇಟು ತಿಂದವರ ಮನೆಯವರಿಗೆ ಆ ಕಪ್ಪು ಓದೋಕೆ ಬರುತ್ತಿತ್ತಾ? ವುಡ್‌ಕಟ್ ಓದೋಕೆ ಬರುತ್ತಿತ್ತು. ಹಾಂಗ್ ಅವರನ್ನೂ 1989ರಲ್ಲಿ ಹಿಡಿದು ಒಳಗೆ ಹಾಕಿದರು, ಒಂದು ದೊಡ್ಡ ಚಿತ್ರದ ಸ್ಲೈಡ್‌ಗಳನ್ನು ಉತ್ತರ ಕೊರಿಯಾಕ್ಕೆ ಕಳಿಸಿದ್ದರು ಅಂತ. ಅವರ ಚಿತ್ರ ಎಲ್ಲರಿಗೂ ಅರ್ಥವಾಗುತ್ತಿತ್ತು.

ಬಸವನಗುಡಿ_ಓದುಗಿ
ಗೆಳತಿಗೆ ಫೋನ್ ಮಾಡಿ ಆ ಪುಟದ ಫೋಟೋ ತರಿಸಿಕೊಂಡೆ. ಬೇರೆ ಚಿತ್ರಗಳಲ್ಲಿ ನೆಟ್ಟಗೆ ನಿಂತಿದ್ದ ಕಪ್ಪು ಕಂಬಗಳು ಇದರಲ್ಲಿ ವಾಲಿವೆ, ಒಂದರ ಮೇಲೊಂದು ಒರಗಿ. ಕೆಳಗೆ ಬಣ್ಣ ಸೋರಿ ಇಳಿದಿದೆ. ಗ್ವಾಂಗ್ಜು ಸುದ್ದಿ ಕೇಳಿ ಮಾಡಿದ್ದಂತೆ. ಮೊನ್ನೆ ಈ ಪುಟವನ್ನು ನಾನು ಎರಡು ಸೆಕೆಂಡಲ್ಲಿ ತಿರುಗಿಸಿಬಿಟ್ಟಿದ್ದೆ.