ಮಕ್ಕಳ ಫುಟ್‌ಬಾಲ್ ತಂಡಕ್ಕೆ ಹೊಸದಾಗಿ ಕೋಚ್ ಆದವರ ಪ್ರಶ್ನೆಗಳು: ಉತ್ತರಿಸುವವರು ಒಬ್ಬ ಕೋಚ್ ತರಬೇತುದಾರರು, ಒಬ್ಬ ಫಿಸಿಯೋಥೆರಪಿಸ್ಟ್

ಪ್ರಶ್ನೆ: ಸರ್, ಮಗಳ ತಂಡಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲವೆಂದು ನಾನೇ ಕೋಚ್ ಆಗಲು ಒಪ್ಪಿಕೊಂಡಿದ್ದೇನೆ. 8–9 ವರ್ಷದ 12 ಮಕ್ಕಳು. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ. ಕೋನ್ ಜೋಡಿಸಿ, ಸಾಲಾಗಿ ನಿಲ್ಲಿಸಿ ಡ್ರಿಬಲ್ (ಕಾಲಲ್ಲೇ ಚೆಂಡು ಉರುಳಿಸುತ್ತಾ ಸಾಗುವುದು) ಮಾಡಿಸಿದರೆ ಎರಡೇ ನಿಮಿಷಕ್ಕೆ ತಳ್ಳಾಟ ಶುರು. ಶಿಸ್ತು ತರುವುದು ಹೇಗೆ?

ಕೋಚ್ ತರಬೇತುದಾರ: ಇದು ಶಿಸ್ತಿನ ತೊಂದರೆ ಅಲ್ಲ, ಸಾಲಿನ ತೊಂದರೆ. ಲೆಕ್ಕ ಹಾಕಿ ನೋಡಿ. ಕೋನ್ ಸುತ್ತಿ ಬರಲು ಒಂದು ಮಗುವಿಗೆ 15 ಸೆಕೆಂಡು ಬೇಕು ಎಂದುಕೊಳ್ಳಿ. ಒಂದೇ ಸಾಲಿನಲ್ಲಿ 12 ಮಕ್ಕಳಿದ್ದರೆ ಅದರ ಪಾಳಿ ಮತ್ತೆ ಬರುವುದು 3 ನಿಮಿಷಕ್ಕೆ. ಹತ್ತು ನಿಮಿಷದಲ್ಲಿ ಕಾಲಿಗೆ ಚೆಂಡು ಸಿಗುವುದು ಹೆಚ್ಚೆಂದರೆ ಒಂದು ನಿಮಿಷ. ಮಿಕ್ಕ ಒಂಬತ್ತು ನಿಮಿಷ ಮುಂದಿನವರ ಬೆನ್ನು ನೋಡುತ್ತಾ ನಿಂತ ಮಗು ತಳ್ಳದೆ ಇನ್ನೇನು ಮಾಡೀತು?

ಸಾಲನ್ನೇ ತೆಗೆದುಬಿಡಿ. ದೊಡ್ಡ ಹೆಜ್ಜೆಯಲ್ಲಿ 20 ಅಳೆದು ನಾಲ್ಕು ಮೂಲೆಗೆ ಕೋನ್ ಇಡಿ. ಆ ಚೌಕದೊಳಗೆ ಎಲ್ಲರೂ ಒಟ್ಟಿಗೆ, ಒಬ್ಬೊಬ್ಬರಿಗೂ ಒಂದೊಂದು ಚೆಂಡು. ನೀವು ಕೈ ಎತ್ತಿ ಬೆರಳು ತೋರಿಸಿ, ಡ್ರಿಬಲ್ ಮಾಡುತ್ತಲೇ ಅವರು ಎಷ್ಟು ಬೆರಳೆಂದು ಕೂಗಲಿ. ತಲೆ ಎತ್ತಿ ಆಡುವುದನ್ನು ಬಾಯಲ್ಲಿ ಹೇಳಿ ಕಲಿಸಲಾಗದು, ಹೀಗೆ ಬರುತ್ತದೆ. ಐದು ನಿಮಿಷವಾದ ಮೇಲೆ ಇಬ್ಬರ ಚೆಂಡು ತೆಗೆದಿಟ್ಟು ಅವರನ್ನು ಕಳ್ಳರನ್ನಾಗಿ ಮಾಡಿ. ಉಳಿದವರ ಚೆಂಡನ್ನು ಚೌಕದಿಂದ ಹೊರಗೆ ಒದೆಯುವುದು ಅವರ ಕೆಲಸ. ಚೆಂಡು ಹೋದವರು ಓಡಿ ತಂದು, ಅಂಗಾಲಿನಿಂದ ಚೆಂಡಿನ ತಲೆ ಹತ್ತು ಸಲ ಮುಟ್ಟಿ, ಮತ್ತೆ ಒಳಗೆ. ‘ಔಟ್’ ಮಾಡಿ ಕೂರಿಸಬೇಡಿ. ಮೊದಲು ಔಟಾಗುವುದು ಆಟ ಬಾರದ ಮಗು, ಅಭ್ಯಾಸ ಹೆಚ್ಚು ಬೇಕಿರುವುದೂ ಅದಕ್ಕೇ.

ಒಂದು ಗಂಟೆಯನ್ನು ಹೀಗೆ ಹಂಚಿ: ಮೊದಲ 15 ನಿಮಿಷ, ಬಂದವರು ಬಂದ ಹಾಗೆ, 3–3 ಜನರ ಸಣ್ಣ ಪಂದ್ಯ. ಬೇಗ ಬಂದವರು ಕಾಯುವುದಿಲ್ಲ, ತಡವಾದವರು ಕಡಿಮೆಯಿದ್ದ ಕಡೆ ಸೇರಿಕೊಳ್ಳುತ್ತಾರೆ. ನಡುವೆ 20 ನಿಮಿಷ ಆ ದಿನದ ಒಂದೇ ವಿಷಯ. ಕೊನೆಯ 20 ನಿಮಿಷ ಮತ್ತೆ ಪಂದ್ಯ. ಉಳಿದ ಐದು ನಿಮಿಷ ನೀರಿಗೆ. 12 ಮಕ್ಕಳಿಗೆ 6–6ರ ಒಂದು ಪಂದ್ಯಕ್ಕಿಂತ 3–3ರ ಎರಡು ಪಂದ್ಯವೇ ವಾಸಿ. 20×15 ಮೀಟರಿನ ಎರಡು ಅಂಕಣ, ಗೋಲಿಗೆ 2 ಮೀಟರ್ ಅಂತರದಲ್ಲಿ ಎರಡು ಕೋನ್, ಗೋಲ್‌ಕೀಪರ್ ಬೇಡ.

ನಿಲ್ಲಿಸಿ ವಿವರಿಸುವಾಗ ಅರ್ಧ ನಿಮಿಷ ದಾಟಬೇಡಿ. ಬಿಸಿಲು ನಿಮ್ಮ ಮುಖಕ್ಕೆ ಬೀಳಲಿ, ಮಕ್ಕಳ ಮುಖಕ್ಕಲ್ಲ. ಕಣ್ಣು ಕಿರಿದು ಮಾಡಿಕೊಂಡ ಮಗು ನಿಮ್ಮ ಕಾಲು ನೋಡುತ್ತಿರುವುದಿಲ್ಲ.

ಪ್ರಶ್ನೆ: ನಮ್ಮ ಹತ್ತಿರ ಇರುವುದು ಐದೇ ಚೆಂಡು, ಎಲ್ಲವೂ 5ನೇ ಸೈಜು. ಮಕ್ಕಳು 9 ವರ್ಷದವರು. ನಡೆಯುತ್ತದೆಯೇ?

ಕೋಚ್ ತರಬೇತುದಾರ: ಚೆಂಡು ಕಡಿಮೆಯಿದ್ದರೆ ಮಕ್ಕಳನ್ನು ಜೋಡಿ ಮಾಡಿ. ಸೈಜು ಮಾತ್ರ ಬದಲಿಸಲೇಬೇಕು. ಸಾಮಾನ್ಯ ಕ್ರಮ ಇದು: 8 ವರ್ಷದೊಳಗೆ 3ನೇ ಸೈಜು, 8ರಿಂದ 12ರವರೆಗೆ 4ನೇ ಸೈಜು, ಆಮೇಲೆ 5. ದೊಡ್ಡವರ 5ನೇ ಸೈಜಿನ ಸುತ್ತಳತೆ 68–70 ಸೆಂ.ಮೀ., ತೂಕ 410–450 ಗ್ರಾಂ. 9 ವರ್ಷದ ಕಾಲಿಗೆ ಅದು ಭಾರ. ದೂರ ಹೋಗಲಿ ಎಂದು ಮಗು ಹೆಬ್ಬೆರಳ ತುದಿಯಿಂದ ಕುಟ್ಟಲು ಶುರು ಮಾಡುತ್ತದೆ, ಆ ಅಭ್ಯಾಸ ಬಿಡಿಸಲು ವರ್ಷವೇ ಬೇಕಾಗಬಹುದು.

ಗಾಳಿ ಎಷ್ಟಿರಬೇಕೆಂದು ವಾಲ್ವಿನ ಪಕ್ಕದಲ್ಲಿ ಅಚ್ಚಾಗಿರುತ್ತದೆ. ಚಿಕ್ಕವರಿಗೆ ಅದರ ಕೆಳಮಿತಿ ಸಾಕು. ಪಂಪಿನ ಸೂಜಿಯನ್ನು ಒದ್ದೆ ಮಾಡಿ ನೇರವಾಗಿ ತೂರಿಸಿ. ಒಣಗಿದ ಸೂಜಿಯನ್ನು ಓರೆಯಾಗಿ ತಳ್ಳಿದರೆ ವಾಲ್ವಿನ ರಬ್ಬರ್ ಹರಿದು, ಆ ಚೆಂಡು ದಿನವೂ ಇಳಿಯುತ್ತದೆ.

ಪ್ರಶ್ನೆ: ಪಂದ್ಯದಲ್ಲಿ ಎಲ್ಲರೂ ಚೆಂಡಿಗೆ ಜೇನುಹುಳುಗಳ ಹಾಗೆ ಮುತ್ತಿಕೊಳ್ಳುತ್ತಾರೆ. ‘ಹರಡಿಕೊಳ್ಳಿ’ ಎಂದು ಕೂಗಿ ಗಂಟಲು ಹೋಯಿತು.

ಕೋಚ್ ತರಬೇತುದಾರ: 6–7 ವರ್ಷದವರಾದರೆ ಬಿಟ್ಟುಬಿಡಿ, ಆ ವಯಸ್ಸೇ ಹಾಗೆ. 8–9ರ ಮೇಲಾದರೆ ಕೂಗುವ ಬದಲು ಅಂಕಣ ಬದಲಿಸಿ. ಪ್ರತಿ ತುದಿಯಲ್ಲೂ ಮಧ್ಯದ ಒಂದು ಗೋಲಿನ ಬದಲು ಎರಡು ಮೂಲೆಗೆ ಎರಡು ಸಣ್ಣ ಗೋಲು ಇಟ್ಟು 4–4 ಆಡಿಸಿ. ಒಂದು ಕಡೆ ಜನ ಮುತ್ತಿದರೆ ಇನ್ನೊಂದು ಗೋಲು ಖಾಲಿ. ಖಾಲಿ ಕಡೆಗೆ ತಿರುಗಿದರೆ ಗೋಲು ಸಿಗುತ್ತದೆ ಎಂಬುದನ್ನು ಮಕ್ಕಳು ಕೆಲವೇ ನಿಮಿಷದಲ್ಲಿ ತಾವೇ ಕಂಡುಕೊಳ್ಳುತ್ತಾರೆ.

ಆಗ ಪಾಸ್ ಬೇಕಾಗುತ್ತದೆ, ಕಲಿಸಲು ಅದೇ ಸಮಯ. ಊರಿದ ಕಾಲು ಚೆಂಡಿನ ಪಕ್ಕದಲ್ಲಿ, ಅಂಗೈ ಅಗಲದಷ್ಟು ದೂರ, ಬೆರಳು ಗುರಿಯ ಕಡೆಗೆ. ಒದೆಯುವ ಪಾದ ಹೊರಕ್ಕೆ ತಿರುಗಿ, ಬೆರಳು ಸ್ವಲ್ಪ ಮೇಲೆದ್ದು, ಕಣಕಾಲು ಬಿಗಿಯಾಗಿರಬೇಕು. ಪಾದದ ಒಳಬದಿ ಚೆಂಡಿನ ನಡುಮಟ್ಟಕ್ಕೆ ತಾಗಲಿ. ತಪ್ಪನ್ನು ಚೆಂಡೇ ಹೇಳುತ್ತದೆ: ಮೇಲೆದ್ದು ಹೋದರೆ ಮಗು ಹಿಂದಕ್ಕೆ ವಾಲಿದೆ ಅಥವಾ ಊರಿದ ಕಾಲು ಚೆಂಡಿಗಿಂತ ಹಿಂದೆ ಉಳಿದಿದೆ. ಪಕ್ಕಕ್ಕೆ ಹೋದರೆ ಊರಿದ ಕಾಲಿನ ಬೆರಳು ಬೇರೆ ಕಡೆ ನೋಡುತ್ತಿದೆ. ಸತ್ತ ಹಾಗೆ ನಿಧಾನವಾಗಿ ಉರುಳಿದರೆ ಕಣಕಾಲು ಸಡಿಲ. ಮೂರನ್ನೂ ಒಟ್ಟಿಗೆ ತಿದ್ದಬೇಡಿ, ಒಂದು ಹೇಳಿ ಮುಂದೆ ನಡೆಯಿರಿ.

ಪ್ರಶ್ನೆ: 10 ವರ್ಷದವರಿಗೆ ಹೆಡಿಂಗ್ (ತಲೆಯಿಂದ ಚೆಂಡು ಹೊಡೆಯುವುದು) ಕಲಿಸಬಹುದೇ?

ಫಿಸಿಯೋಥೆರಪಿಸ್ಟ್: ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಅಭ್ಯಾಸದಲ್ಲೂ ಪಂದ್ಯದಲ್ಲೂ ಹೆಡಿಂಗ್ ನಿಲ್ಲಿಸಿದೆ, 11ರಿಂದ 13ರವರಿಗೆ ಅಭ್ಯಾಸದಲ್ಲಿ ಮಿತಿ ಹಾಕಿದೆ. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಶಾಲೆಯ ವಯಸ್ಸಿನವರಿಗೆ ಅಭ್ಯಾಸದಲ್ಲಿ ಹೆಡಿಂಗ್ ಬೇಡವೆಂಬ ಸೂಚನೆ ಇದೆ. ನಿಮ್ಮ ಸಂಸ್ಥೆಯ ನಿಯಮ ಸಡಿಲವಾಗಿದ್ದರೂ ಈ ವಯಸ್ಸಿನಲ್ಲಿ ಕಲಿಸಲು ಕಾಲಿನ ಕೆಲಸವೇ ಬೇಕಾದಷ್ಟಿದೆ.

ಮತ್ತೆ ಪ್ರಶ್ನೆ: ಇಬ್ಬರು ಮಕ್ಕಳ ತಲೆ ತಲೆ ಡಿಕ್ಕಿಯಾದರೆ? ಎರಡು ನಿಮಿಷ ಕೂರಿಸಿ, ‘ಆರಾಮಿದ್ದೀನಿ’ ಅಂದರೆ ಕಳಿಸಬಹುದಲ್ಲ ಮೇಡಂ?

ಫಿಸಿಯೋಥೆರಪಿಸ್ಟ್: ಖಂಡಿತ ಇಲ್ಲ. ಆಡಬೇಕೆಂಬ ಆಸೆಗೆ ಮಕ್ಕಳು ಆರಾಮ ಎಂದೇ ಹೇಳುತ್ತಾರೆ. ಮಿದುಳಿಗೆ ಪೆಟ್ಟಾಗಲು ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಮಂಕಾಗಿ ನೋಡುವುದು, ತಲೆನೋವು, ತಲೆಸುತ್ತು, ವಾಕರಿಕೆ, ತೂರಾಡುವ ನಡಿಗೆ, ಕೇಳಿದ್ದನ್ನೇ ಮತ್ತೆ ಕೇಳುವುದು, ಸ್ಕೋರ್ ಎಷ್ಟೆಂದು ತಿಳಿಯದಿರುವುದು, ಕಾರಣವಿಲ್ಲದ ಅಳು: ಇವುಗಳಲ್ಲಿ ಒಂದು ಕಂಡರೂ, ಬರೀ ಅನುಮಾನ ಬಂದರೂ ಆ ದಿನದ ಆಟ ಅಲ್ಲಿಗೆ ಮುಗಿಯಿತು. ಮಗುವನ್ನು ಒಂಟಿಯಾಗಿ ಬಿಡಬೇಡಿ. ಲಕ್ಷಣಗಳು ಗಂಟೆಗಟ್ಟಲೆ ತಡವಾಗಿಯೂ ಬರುತ್ತವೆ, ಹಾಗಾಗಿ ಮನೆಯವರಿಗೆ ಮುಖತಃ ಹೇಳಿ. ಮತ್ತೆ ಆಟಕ್ಕೆ ಬರುವುದು ವೈದ್ಯರು ನೋಡಿದ ಮೇಲೆ, ಹಂತ ಹಂತವಾಗಿ.

ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಫಿಟ್ಸ್, ಕೈಕಾಲು ಜೋಮು ಅಥವಾ ನಿಶ್ಶಕ್ತಿ, ಎರಡೆರಡಾಗಿ ಕಾಣುವುದು, ಕತ್ತು ನೋವು, ಪ್ರಜ್ಞೆ ತಪ್ಪಿದ್ದು, ಇವಕ್ಕೆ ತಕ್ಷಣ ಆಂಬ್ಯುಲೆನ್ಸ್. ಕತ್ತಿಗೆ ಪೆಟ್ಟಾದ ಅನುಮಾನವಿದ್ದರೆ ಎತ್ತಿ ಕೂರಿಸಲು ಹೋಗಬೇಡಿ.

ಪ್ರಶ್ನೆ ಕೇಳಲು ಬಂದವರಲ್ಲಿ ಇನ್ನೊಬ್ಬರು: ಇದರ ಜೊತೆಗೆ ಗೋಲುಕಂಬವನ್ನೂ ಸೇರಿಸಿ. ಎತ್ತಿಡುವಂಥ ಗೋಲುಗಳು ಮಗು ಅಡ್ಡಪಟ್ಟಿಗೆ ಜೋತುಬಿದ್ದರೆ ಮುಂದಕ್ಕೆ ಮಗುಚುತ್ತವೆ, ಜೀವ ಹೋದ ಪ್ರಕರಣಗಳಿವೆ. ಹಿಂದಿನ ಪಟ್ಟಿಗೆ ಗೂಟ ಹೊಡೆದು ಅಥವಾ ಮರಳು ಚೀಲ ಹೇರಿ, ಕೈಯಲ್ಲಿ ಎಳೆದು ನೋಡಿಯೇ ಆಟ ಶುರು ಮಾಡಿ. ಗುಡುಗು ಕೇಳಿದರೆ ಎಲ್ಲರೂ ಕಟ್ಟಡದೊಳಗೆ. ಕೊನೆಯ ಗುಡುಗಿನಿಂದ 30 ನಿಮಿಷ ಮೈದಾನಕ್ಕೆ ಇಳಿಯಬಾರದು.

ಪ್ರಶ್ನೆ: ಒಬ್ಬ ಹುಡುಗನಿಗೆ 11 ವರ್ಷ. ಪೆಟ್ಟೇನೂ ಬಿದ್ದಿಲ್ಲ, ಆದರೆ ಅಭ್ಯಾಸ ಮುಗಿದ ಮೇಲೆ ಹಿಮ್ಮಡಿ ನೋವೆಂದು ತುದಿಗಾಲಲ್ಲಿ ನಡೆಯುತ್ತಾನೆ. ನಾಟಕವೇ?

ಫಿಸಿಯೋಥೆರಪಿಸ್ಟ್: ನಾಟಕವಲ್ಲ. ಸುಮಾರು 8ರಿಂದ 14 ವರ್ಷದ ನಡುವೆ, ಎತ್ತರ ಸರ್ರನೆ ಬೆಳೆಯುವಾಗ, ಹಿಮ್ಮಡಿ ಮೂಳೆಯ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಮೀನಖಂಡದ ಸ್ನಾಯು ಬಿಗಿಯಾಗಿ ಅದನ್ನು ಎಳೆಯುತ್ತದೆ, ಓಟ ಜಿಗಿತಕ್ಕೆ ನೋವು ಬರುತ್ತದೆ. ಇದಕ್ಕೆ ಸೀವರ್ಸ್ ಎನ್ನುತ್ತಾರೆ. ಹಿಮ್ಮಡಿಯನ್ನು ಎರಡು ಪಕ್ಕದಿಂದ ಅದುಮಿದರೆ ಮಗು ಕಾಲು ಎಳೆದುಕೊಳ್ಳುವುದು ಅದರ ಗುರುತು. ಒಮ್ಮೆ ವೈದ್ಯರಿಗೆ ತೋರಿಸಲು ಹೇಳಿ. ಓಟ ಜಿಗಿತ ಕಡಿಮೆ ಮಾಡಿ, ಶೂ ಒಳಗೆ ಹಿಮ್ಮಡಿಗೆ ಮೆತ್ತೆ, ನೋವಿಲ್ಲದ ಮಟ್ಟಿಗೆ ಮೀನಖಂಡದ ಸ್ಟ್ರೆಚ್. ಕುಂಟುತ್ತಿದ್ದರೆ ಆ ದಿನ ಆಟ ಬೇಡ. ಬೆಳವಣಿಗೆ ಮುಗಿದ ಮೇಲೆ ತಾನಾಗಿ ಹೋಗುತ್ತದೆ.

ಪ್ರಶ್ನೆ: ಪಂದ್ಯದಲ್ಲಿ 7 ಜನ ಆಡಬೇಕು, ನನ್ನಲ್ಲಿ 10 ಮಕ್ಕಳು. 25 ನಿಮಿಷದ ಎರಡು ಅವಧಿ. ಎಲ್ಲರಿಗೂ ಸಮ ಸಮಯ ಕೊಡುವುದು ಹೇಗೆ? ಮೈದಾನದ ಬದಿಯಲ್ಲಿ ಜಗಳವೇ ನಡೆಯುತ್ತದೆ.

ಕೋಚ್ ತರಬೇತುದಾರ: 50 ನಿಮಿಷವನ್ನು ಐದೈದು ನಿಮಿಷದ 10 ತುಂಡು ಮಾಡಿ. ಪ್ರತಿ ತುಂಡಿನಲ್ಲಿ 3 ಮಕ್ಕಳು ಹೊರಗೆ, ಅಂದರೆ ಒಟ್ಟು 30 ಸಲ ಕೂರಬೇಕು. 10 ಮಕ್ಕಳಿಗೆ ಹಂಚಿದರೆ ತಲಾ 3 ಸಲ. ಎಲ್ಲರೂ 15 ನಿಮಿಷ ಹೊರಗೆ, 35 ನಿಮಿಷ ಒಳಗೆ. ಗೋಲ್‌ಕೀಪರನ್ನು ಅವಧಿಯ ನಡುವೆ ಬದಲಿಸುವುದು ಕಷ್ಟ. ಅದಕ್ಕೆ ಮೊದಲ ಅವಧಿಯ ಕೀಪರ್ ತನ್ನ ಮೂರೂ ಸಲ ಎರಡನೆಯ ಅವಧಿಯಲ್ಲೇ ಕೂರಲಿ, ಎರಡನೆಯ ಕೀಪರ್ ಮೊದಲನೆಯದರಲ್ಲಿ. ಪಟ್ಟಿಯನ್ನು ಹಿಂದಿನ ರಾತ್ರಿಯೇ ಕಾಗದದಲ್ಲಿ ಬರೆದು ಪೋಷಕರ ಗುಂಪಿಗೆ ಹಾಕಿ. ಸ್ಕೋರ್ ನೋಡಿಕೊಂಡು ಅಲ್ಲೇ ನಿರ್ಧರಿಸಲು ಹೋದರೆ ಹಿಂದುಳಿದ ಮಗುವೇ ಪ್ರತಿ ಸಲ ಹೊರಗುಳಿಯುತ್ತದೆ, ಜಗಳ ಹುಟ್ಟುವುದೂ ಅಲ್ಲೇ. ಕೀಪರ್ ಕೆಲಸವನ್ನು ಈ ವಯಸ್ಸಿನಲ್ಲಿ ಒಬ್ಬರಿಗೇ ಅಂಟಿಸಬೇಡಿ.

ಪ್ರಶ್ನೆ: ಕೊನೆಯದು ಸರ್, ರೆಫರಿ ನಮ್ಮ ಥ್ರೋ-ಇನ್‌ಗಳನ್ನು (ಚೆಂಡು ಪಕ್ಕದ ಗೆರೆ ದಾಟಿದಾಗ ಕೈಯಿಂದ ಒಳಗೆ ಎಸೆಯುವುದು) ಪದೇ ಪದೇ ಎದುರು ತಂಡಕ್ಕೆ ಕೊಡುತ್ತಾರೆ.

ಕೋಚ್ ತರಬೇತುದಾರ: ಎರಡು ಕೈಯಿಂದ, ತಲೆಯ ಹಿಂದಿನಿಂದ ತಂದು ತಲೆಯ ಮೇಲಾಗಿ ಎಸೆಯಬೇಕು. ಬಿಡುವಾಗ ಎರಡೂ ಪಾದದ ಒಂದಿಷ್ಟು ಭಾಗವಾದರೂ ಗೆರೆಯ ಮೇಲೆ ಅಥವಾ ಹೊರಗೆ ನೆಲಕ್ಕೆ ತಾಗಿರಬೇಕು. ಮಕ್ಕಳು ಹೆಚ್ಚಾಗಿ ತಪ್ಪುವುದು ಹಿಂದಿನ ಕಾಲು ಎತ್ತಿ. ಎರಡೂ ಪಾದ ಪಕ್ಕಪಕ್ಕ ಊರಿ, ಓಡಿ ಬರದೆ ನಿಂತಲ್ಲೇ ಎಸೆಯಲು ಹೇಳಿ. ದೂರ ಸ್ವಲ್ಪ ಕಮ್ಮಿಯಾಗುತ್ತದೆ, ಚೆಂಡು ನಿಮ್ಮದೇ ಆಗಿರುತ್ತದೆ.