ಕೋಲಾರ ಟೊಮೆಟೊ ರೂಟು: ನಡುವೆ ತೋಟ ಬದಲಾದ್ರೆ ಜೆನೆಟಿಕ್ ಅಲ್ಗಾರಿದಮ್ ಯಾಕೆ ಹಳೆ ದಾರಿಗೇ ಅಂಟಿಕೊಳ್ಳುತ್ತೆ?

ಪ್ರಶ್ನೆ:
ಶ್ರೀನಿವಾಸಪುರ, ಮುಳಬಾಗಿಲು ಕಡೆಯ 40 ತೋಟಗಳಿಂದ 15 ಕೆಜಿ ಕ್ರೇಟು ಎತ್ತಿ ಕೋಲಾರ ಎಪಿಎಂಸಿಗೆ ತರೋ 6 ಗಾಡಿಗಳ ರೂಟು. ಜೆನೆಟಿಕ್ ಅಲ್ಗಾರಿದಮ್ (ಹಲವು ಉತ್ತರಗಳನ್ನ ಬೆರೆಸಿ, ಬದಲಿಸಿ, ಒಳ್ಳೆಯವನ್ನ ಉಳಿಸುತ್ತಾ ಪೀಳಿಗೆಯಿಂದ ಪೀಳಿಗೆಗೆ ಸುಧಾರಿಸೋ ವಿಧಾನ) ಬಳಸ್ತಿದ್ದೀನಿ. ಕ್ರೋಮೋಸೋಮ್, ಅಂದ್ರೆ ಒಂದೊಂದು ಉತ್ತರ, ತೋಟಗಳ ಕ್ರಮ. ಪಾಪ್ಯುಲೇಶನ್ (ಒಂದು ಪೀಳಿಗೆಯ ರೂಟುಗಳು) 100, ಆರ್ಡರ್ ಕ್ರಾಸೋವರ್ (ಎರಡು ರೂಟಿನ ಕ್ರಮ ಬೆರೆಸೋದು), ಸ್ವಾಪ್ ಮ್ಯುಟೇಶನ್ (ಎರಡು ತೋಟ ಅದಲುಬದಲು), ಟೂರ್ನಮೆಂಟ್ 5 (ಐದರಲ್ಲಿ ಒಳ್ಳೆಯದನ್ನ ಆರಿಸೋದು), ಎಲೀಟ್ 2 (ಅತ್ಯುತ್ತಮ ಎರಡನ್ನ ಹಾಗೇ ಉಳಿಸೋದು). ಮೊದಲ ಉತ್ತರ ಚೆನ್ನಾಗಿದೆ. ಆಮೇಲೆ ಎರಡು ಹೊಸ ತೋಟ ಸೇರಿ, ಹಳೇದೊಂದು ಬಿಟ್ಟುಹೋದ್ರೂ ಬೆಸ್ಟ್ ದೂರ 412.6 ಕಿಮೀ ಅಂತಲೇ ನಿಂತಿರುತ್ತೆ. ಮ್ಯುಟೇಶನ್ ಏರಿಸಿದ್ರೂ ಅಷ್ಟೇ.

ಉತ್ತರ 1:
ಆ 412.6 ಸುಳ್ಳು ಅಂಕಿ. ಎಲೀಟ್ ಎರಡು ಕ್ರಾಸೋವರ್ ದಾಟದೆ ಹಳೆ ಫಿಟ್‌ನೆಸ್ (ಇಲ್ಲಿ ರೂಟಿನ ದೂರ) ಸಮೇತ ನಕಲಾಗ್ತಿವೆ. ಹೊಸ ತೋಟಕ್ಕೆ ಹೋಗದ ರೂಟು ಚಿಕ್ಕದೇ ತಾನೆ, ಅದನ್ನ ಯಾರೂ ಸೋಲಿಸಲ್ಲ. ಬದಲಾವಣೆ ಬಂದ ತಕ್ಷಣ ನೂರು ರೂಟಲ್ಲೂ ಬಿಟ್ಟುಹೋದ ತೋಟ ಅಳಿಸಿ. ಹೊಸದನ್ನ ಅರ್ಧ ರೂಟುಗಳಿಗೆ ಅತಿ ಅಗ್ಗದ ಜಾಗದಲ್ಲಿ, ಉಳಿದರ್ಧಕ್ಕೆ ಎಲ್ಲಾದರೂ ತೂರಿಸಿ. ಆಮೇಲೆ ಎಲ್ಲರ ಫಿಟ್‌ನೆಸ್ ಮತ್ತೆ ಲೆಕ್ಕ ಹಾಕಿ.

ಉತ್ತರ 2:
ಅದರ ಜೊತೆ ರೂಟುಗಳೆಲ್ಲ ಒಂದೇ ಥರ ಆಗಿ ವೈವಿಧ್ಯ ಸತ್ತಿರೋದೂ ಇದೆ. ಗ್ರೆಫೆನ್‌ಸ್ಟೆಟ್ 1992ರಲ್ಲಿ ಹೇಳಿದ ರ‍್ಯಾಂಡಮ್ ಇಮಿಗ್ರಂಟ್ಸ್ (ಪ್ರತಿ ಪೀಳಿಗೆಗೂ ಒಂದಿಷ್ಟು ಹೊಸ ಮನಬಂದ ರೂಟು ಸೇರಿಸೋದು) ಎಲ್ಲರೂ ಸೂಚಿಸ್ತಾರೆ. ಆದ್ರೆ ಪೂರ್ತಿ ರ‍್ಯಾಂಡಮ್ ರೂಟು ಟೂರ್ನಮೆಂಟ್ 5ರಲ್ಲಿ ಮರಿ ಹಾಕೋ ಮೊದಲೇ ಸಾಯುತ್ತೆ. ಟೂರ್ನಮೆಂಟ್ 2 ಮಾಡಿ. ಪ್ರತಿ ಪೀಳಿಗೆ 10–20 ಕೆಟ್ಟವನ್ನ ತೆಗೆದು, ಬೆಸ್ಟ್ ರೂಟನ್ನೇ ಮೂರ್ನಾಲ್ಕು ಕಡೆ ಕಲಕಿದ ನಕಲು ಹಾಕಿ.

ಕಾಬ್ ಅವರ 1990ರ ಹೈಪರ್‌ಮ್ಯುಟೇಶನ್ (ಬದಲಾವಣೆ ಬಂದಾಗ ಮ್ಯುಟೇಶನ್ ದರ ಥಟ್ಟನೆ ಏರಿಸೋದು) ಬಿಟ್ ಸ್ಟ್ರಿಂಗಿಗೆ (0, 1ರ ಸಾಲಿಗೆ) ಬರೆದದ್ದು, ಆ ದರ ಇಲ್ಲಿಗೆ ತಂದ್ರೆ ರೂಟು ಚಿಂದಿ. ದೂರದ ಎರಡು ತೋಟ ಸ್ವಾಪ್ ಮಾಡಿದ್ರೆ ನಾಲ್ಕು ಕೊಂಡಿ ಮುರಿಯುತ್ತೆ, ಒಂದು ತುಂಡು ತಿರುಗಿಸಿದ್ರೆ ಎರಡೇ. ಅದಕ್ಕೇ ಹೀಗೆ ತುಂಡು ತಿರುಗಿಸೋ ಇನ್ವರ್ಷನ್ ಬಳಸಿ.

ಉತ್ತರ 3:
ಇಷ್ಟೆಲ್ಲಾ ಬೇಕಾ? 40 ತೋಟಕ್ಕೆ ಸೊನ್ನೆಯಿಂದ ಓಡಿಸಿದ್ರೂ ಹೆಚ್ಚು ಹೊತ್ತು ಹಿಡಿಯಲ್ಲ. ಸೊನ್ನೆಯಿಂದ ಓಡಿಸೋದು, ಹಳೇದನ್ನ ತಿದ್ದೋದು ಎರಡಕ್ಕೂ ಒಂದೇ ಅಳತೆಯ ಫಿಟ್‌ನೆಸ್ ಲೆಕ್ಕಗಳ ಬಜೆಟ್ ಕೊಟ್ಟು ಹೋಲಿಸಿ. ಕೊನೆಯ ಅಂಕಿ ನೋಡಬೇಡಿ, ಬದಲಾವಣೆಯಿಂದ ಈಚೆಗಿನ ಬೆಸ್ಟ್‌ಗಳ ಸರಾಸರಿ ನೋಡಿ. ಹಳೆ ಉತ್ತರ ಕೂಡಿಡೋ ಮೆಮೊರಿ ವಿಧಾನ ಅದೇ ಪರಿಸ್ಥಿತಿ ಮರಳಿ ಬಂದ್ರೆ ಮಾತ್ರ ಲಾಭ.

ಪ್ರಶ್ನೆ ಕೇಳಿದವರು:
ಮರು ಲೆಕ್ಕ ಹಾಕಿದ್ಮೇಲೆ ಬೆಸ್ಟ್ 431.9 ಆಗಿ, ಈಗ ಇಳೀತಿದೆ. ಆದ್ರೆ ಗಾಡಿ ಆಗಲೇ ಮುಗಿಸಿದ ತೋಟಗಳನ್ನೂ ಹಿಂದೆ ಮುಂದೆ ಮಾಡ್ತಿದೆ.

ಉತ್ತರ 1:
ಮುಗಿದ ತೋಟಗಳನ್ನ ಕ್ರೋಮೋಸೋಮಿಂದಲೇ ತೆಗೀರಿ. ಪ್ರತಿ ಗಾಡಿಯ ಆರಂಭ ಅದು ಈಗ ಯಾವ ತೋಟದ ಕಡೆ ಹೊರಟಿದೆಯೋ ಆ ತೋಟ, ಸಾಮರ್ಥ್ಯ ಉಳಿದ ಕ್ರೇಟಿನ ಜಾಗ. ಆ ತೋಟ ಬದಲಿಸಬೇಡಿ, ಡ್ರೈವರ್ ಅರ್ಧ ದಾರೀಲಿ ತಿರುಗಿಸಲ್ಲ.